ಹುಲಿಯ ಕಣ್ಣಿಂದ ನೋಡಲು ಕಲಿಸಿದ ಮೇಡಂಗೆ

ಶಿಕ್ಷಕರ ತರಬೇತಿಯಲ್ಲಿ ನನ್ನ ಪಕ್ಕ ಕೂತಿದ್ದ ಮೇಡಂ, ನಿಮ್ಮ ಹೆಸರು ಗೊತ್ತಿಲ್ಲ. ಆದರೂ ಥ್ಯಾಂಕ್ಸ್ ಹೇಳಲೇಬೇಕು. "ಪಾತ್ರ ನಿಂತ ಜಾಗದಿಂದ ಏನು ಕಾಣುತ್ತೋ ಅದರ ಚಿತ್ರ ಬರೆಸಿ" ಅಂದಿದ್ರಿ, ಅಲ್ವಾ?

ನಾಲ್ಕನೇ ಕ್ಲಾಸಿಗೆ ಪುಣ್ಯಕೋಟಿ ಕಥೆ ಹೇಳಿ, ಹಾಳೆಯನ್ನು ಎರಡಾಗಿ ಮಡಿಸಿ ಕೊಟ್ಟೆ. ಒಂದು ಕಡೆ ಕರುವಿಗೆ ಕಂಡ ಅಮ್ಮ, ಇನ್ನೊಂದು ಕಡೆ ಹುಲಿಗೆ ಕಂಡ ಹಸು. ಕರುವಿನ ಕಡೆ ಅಮ್ಮನ ಮುಖವೇ ಹಾಳೆ ತುಂಬ. ಹುಲಿಯ ಕಡೆ ಒಬ್ಬ ಹುಡುಗಿ ಹಸುವಿನ ಹೊಟ್ಟೆಯನ್ನಷ್ಟೇ ಬರೆದಿದ್ದಳು. ಮುಖವೇ ಇಲ್ಲ! "ಹುಲಿಗೆ ಹಸಿವು ಮಿಸ್, ಮುಖ ಯಾಕೆ ನೋಡುತ್ತೆ?" ಅಂದಳು.

ಹಸು ಮಾತಿನಂತೆ ವಾಪಸ್ ಬಂದಾಗ ಹುಲಿಗೆ ಏನು ಕಂಡಿತು ಅಂತ ಕೇಳಿದೆ. ಈ ಸಲ ಮುಖ ಬರೆದಳು, ಕಣ್ಣು ಜಾಸ್ತಿ ದೊಡ್ಡದು. ಹುಲಿ ಯಾಕೆ ಬದಲಾಯಿತು ಅಂತ ನಾನು ವಿವರಿಸಬೇಕಾಗಲೇ ಇಲ್ಲ.

ಮೇಡಂ, ಇದನ್ನು ಓದಿದರೆ ದಯವಿಟ್ಟು ತಿಳಿಸಿ. ಈ ಚಿತ್ರಗಳನ್ನೆಲ್ಲ ನಿಮಗೆ ತೋರಿಸಬೇಕು.