ಇವರು ನಮ್ಮ ಫಿಲೋಮಿನಾ ಚರ್ಚ್ ನೋಡ್ಕೊಂಡು ಕಟ್ಟಿದ್ರಾ?

ನವೆಂಬರ್ ಸಂಚಿಕೆ ಡಿಸೆಂಬರ್‌ನಲ್ಲಿ ಕೈಸೇರುತ್ತಿದೆ, ಕ್ಷಮಿಸಿ. ಪುಟ ಜೋಡಿಸೋಕೆ ಯಾರೂ ಸಿಗಲಿಲ್ಲ. ಅದರ ಬಗ್ಗೆ ಕೆಳಗೆ ಬರೆದಿದ್ದೇನೆ, ದಯವಿಟ್ಟು ಓದಿ.

ಹೋದ ಶನಿವಾರ ಮಗಳನ್ನು ಕರೆದುಕೊಂಡು ಇಲ್ಲಿ ಜರ್ಮನಿಯ ಕಲೋನ್‌ಗೆ ಹೋಗಿದ್ದೆ. ಸ್ಟೇಷನ್ನಿಂದ ಹೊರಗೆ ಕಾಲಿಟ್ಟರೆ ಎದುರಿಗೇ ಆ ಚರ್ಚು, ನಿಮಗೆಲ್ಲ ಗೊತ್ತಿರುವುದೇ. ಅವಳು ಕತ್ತೆತ್ತಿ ಎರಡು ಗೋಪುರ ನೋಡಿದಳು. ಈ ಬೇಸಿಗೆ ರಜೆಯಲ್ಲಷ್ಟೇ ಮೈಸೂರಿಗೆ ಹೋಗಿ ಬಂದಿದ್ದಾಳೆ. "ಅಮ್ಮಾ, ಇವರು ನಮ್ಮ ಫಿಲೋಮಿನಾ ಚರ್ಚ್ ನೋಡ್ಕೊಂಡು ಕಟ್ಟಿದ್ರಾ?" ಅಂತ ಕೇಳಿದಳು.

ಇಲ್ಲ ಪುಟ್ಟಿ, ನಮ್ಮವರೇ ಇದನ್ನು ನೋಡಿ ಕಟ್ಟಿದ್ದು ಅಂದೆ. ಆದರೆ ಮನೆಗೆ ಬಂದು ಓದುತ್ತಾ ಕೂತರೆ, ಅವಳ ಪ್ರಶ್ನೆ ಅಂಥ ತಪ್ಪೇನಲ್ಲ ಅನ್ನಿಸಿತು. ಕಲೋನ್ ಚರ್ಚಿನ ಕೆಲಸ ಶುರುವಾಗಿದ್ದು 1248ರಲ್ಲಿ, ಆದರೆ ಗೋಪುರ ಮುಗಿದದ್ದು 1880ರಲ್ಲಿ. ನಡುವೆ ಸುಮಾರು 300 ವರ್ಷ ಕೆಲಸವೇ ನಿಂತು, ಅರ್ಧ ಕಟ್ಟಿದ ಗೋಪುರದ ಮೇಲೆ ಒಂದು ಮರದ ಕ್ರೇನ್ ಹಾಗೇ ನಿಂತಿತ್ತಂತೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಮೈಸೂರಿನ ಅಶೋಕ ರಸ್ತೆಯಲ್ಲಿ ನಮ್ಮ ಚರ್ಚಿಗೆ ಅಡಿಗಲ್ಲು ಹಾಕಿದ್ದು 1933ರ ಅಕ್ಟೋಬರ್ 28ಕ್ಕೆ. ಅಂದರೆ ಇಲ್ಲಿನ ಗೋಪುರಕ್ಕೂ ನಮ್ಮ ಅಡಿಗಲ್ಲಿಗೂ ಬರೀ 53 ವರ್ಷದ ಅಂತರ. ಇದು 157 ಮೀಟರ್, ನಮ್ಮದು 175 ಅಡಿ, ಎತ್ತರದ ಮಾತು ಬಿಡಿ.

ಇನ್ನೊಂದು ವಿಷಯ ಅವರೆಕಾಯಿ ಕಾಲದಲ್ಲಿ ಹೇಳಲೇಬೇಕು. ಈ ಗೋಪುರಗಳ ಹಳೇ ನಕ್ಷೆ ಕಳೆದುಹೋಗಿತ್ತು. ಚರ್ಮದ ಹಾಳೆ ಮೇಲೆ ಬರೆದದ್ದು, 4 ಮೀಟರಿಗಿಂತ ಉದ್ದ. 1814ರಲ್ಲಿ ಅದರ ಅರ್ಧ ಭಾಗ ಡಾರ್ಮ್‌ಸ್ಟಾಟ್‌ನ ಒಂದು ಹೋಟೆಲಿನ ಅಟ್ಟದಲ್ಲಿ ಸಿಕ್ಕಿತು. ಅದರ ಮೇಲೆ ಬೀನ್ಸ್ ಕಾಳು ಒಣಗಿಸುತ್ತಿದ್ದರಂತೆ! ಇನ್ನರ್ಧ ಎರಡು ವರ್ಷ ಬಿಟ್ಟು ಪ್ಯಾರಿಸ್ಸಿನಲ್ಲಿ ಸಿಕ್ಕಿತು. ಎರಡನ್ನೂ ಜೋಡಿಸಿಕೊಂಡು ಮತ್ತೆ ಕಟ್ಟಿದರು. ಆ ಕಾಳಿನ ಹಾಳೆ ಸಿಗದೇ ಹೋಗಿದ್ದರೆ ನಮ್ಮೂರಿನ ಗೋಪುರ ಯಾವ ಆಕಾರದಲ್ಲಿ ಇರುತ್ತಿತ್ತೋ ಅಂತ ರಾತ್ರಿಯೆಲ್ಲ ಯೋಚಿಸಿದೆ.

ನಮ್ಮ ಮನೆ ಆಗ ಮಂಡಿ ಮೊಹಲ್ಲದಲ್ಲಿತ್ತು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹಿಂದಿನ ದಿನ ಅಜ್ಜಿ ನನ್ನನ್ನು ಕರೆದುಕೊಂಡು ಹೊರಟರು. ಮೊದಲು ಗಣೇಶನ ಗುಡಿ, ಆಮೇಲೆ ಫಿಲೋಮಿನಾ ಚರ್ಚು. ಪಕ್ಕದ ಮನೆ ಆಂಟಿ ಹೇಳಿದ್ದರಂತೆ, ಅಲ್ಲಿ ಕೇಳಿಕೊಂಡರೆ ಆಗುತ್ತೆ ಅಂತ. ಆ ಆಂಟಿ ಕ್ರಿಸ್‌ಮಸ್‌ಗೆ ಡಬ್ಬಿ ತುಂಬ ಕಲ್‌ಕಲ್ ಕೊಡುತ್ತಿದ್ದರು, ಯುಗಾದಿಗೆ ಅದೇ ಡಬ್ಬಿಯಲ್ಲಿ ನಮ್ಮ ಮನೆಯಿಂದ ಒಬ್ಬಟ್ಟು ಹೋಗುತ್ತಿತ್ತು. ಮಾರ್ಚ್ ತಿಂಗಳ ಬಿಸಿಲು. ಅಜ್ಜಿ ದಾರಿಯಲ್ಲಿ ಒಂದು ಮೊಳ ಮಲ್ಲಿಗೆ ತಗೊಂಡು, ಚಪ್ಪಲಿ ಹೊರಗೇ ಬಿಟ್ಟು, ಸೆರಗು ಹೊದ್ದು ಒಳಗೆ ಬಂದರು. ಮೆಟ್ಟಿಲು ಇಳಿದು ನೆಲಮಾಳಿಗೆಗೆ ಹೋದರೆ ತಣ್ಣಗಿತ್ತು. ಅಲ್ಲಿ ಒಂದು ಹುಡುಗಿಯ ವಿಗ್ರಹ, ಮಲಗಿರುವ ಹಾಗೆ. ನಾನು ಏನೋ ಜೋರಾಗಿ ಕೇಳಿದೆ. ಅಜ್ಜಿ ನನ್ನ ಕೈ ಒತ್ತಿ, "ಮಗು ಮಲಗಿದೆ ಕಣೇ, ಮೆತ್ತಗೆ ಮಾತಾಡು" ಅಂದರು. ಅಷ್ಟೇ. ಏನು ಕೇಳಿಕೊಂಡರೋ ಹೇಳಲೇ ಇಲ್ಲ. ಹೂವು ಇಟ್ಟು, ಸ್ವಲ್ಪ ಹೊತ್ತು ನಿಂತಿದ್ದು, ಬಂದರು.

ಆ ಮಗು ಯಾರು ಅಂತ ಈ ವಾರವೇ ನಾನು ಸರಿಯಾಗಿ ತಿಳಿದುಕೊಂಡಿದ್ದು. 1802ರ ಮೇ 25ರಂದು ರೋಮ್ ನಗರದ ಪ್ರಿಸಿಲ್ಲಾ ಅನ್ನುವ ನೆಲದಡಿಯ ಹಳೇ ಸ್ಮಶಾನದಲ್ಲಿ ಒಂದು ಗೋರಿ ಸಿಕ್ಕಿತು. ಬಾಯಿಗೆ ಮೂರು ಹೆಂಚು ಮುಚ್ಚಿದ್ದರು. "ಲುಮೆನಾ", "ಪಾಕ್ಸ್ ತೇ", "ಕುಂ ಫಿ" ಅಂತ ಅದರ ಮೇಲೆ ಬರಹ. ಅರ್ಥವೇ ಆಗುವುದಿಲ್ಲ, ಅಲ್ವಾ? ಮೊದಲ ಹೆಂಚನ್ನು ಕೊನೆಗೆ ಇಟ್ಟು ಓದಿ: ಪಾಕ್ಸ್ ತೇಕುಂ ಫಿಲುಮೆನಾ. ಫಿಲುಮೆನಾ, ನಿನಗೆ ಶಾಂತಿ. ಒಳಗಿದ್ದದ್ದು ಒಬ್ಬ ಸಣ್ಣ ಹುಡುಗಿಯ ಮೂಳೆಗಳು. ಅವಳ ಬಗ್ಗೆ ಕಲ್ಲಿನಲ್ಲಿ, ಪುಸ್ತಕದಲ್ಲಿ ಬೇರೆ ಏನೂ ಇಲ್ಲ. ಆಧಾರ ಸಾಲದು ಅಂತ 1961ರಲ್ಲಿ ರೋಮ್‌ನವರೇ ಅವಳ ಹಬ್ಬವನ್ನು ಪಂಚಾಂಗದಿಂದ ತೆಗೆದರು. ಅಷ್ಟರಲ್ಲಿ, 1926ರಲ್ಲೇ, ಮಹಾರಾಜರ ಕಾರ್ಯದರ್ಶಿ ತಂಬು ಚೆಟ್ಟಿಯವರ ಮೂಲಕ ಅವಳ ಅವಶೇಷದ ಒಂದು ತುಣುಕು ಮೈಸೂರಿಗೆ ಬಂದಾಗಿತ್ತು. ಪಂಚಾಂಗ ಬದಲಾದರೂ ಮೈಸೂರಿನ ಚರ್ಚಿನ ಹೆಸರು ಬದಲಾಗಲಿಲ್ಲ. ಅಜ್ಜಿಯಂಥವರು ಹೂವು ಇಡೋದನ್ನೂ ನಿಲ್ಲಿಸಲಿಲ್ಲ.

ಮಗಳಿಗೆ ಇನ್ನೊಂದು ಕಥೆಯೂ ಹೇಳಿದೆ, ಈ ಸಲ ನಮ್ಮ ಕಡೆಯಿಂದ ಹೋದದ್ದು. ಕ್ಯಾಥೊಲಿಕರ ಹಳೇ ಸಂತರ ಪಟ್ಟಿಯಲ್ಲಿ ನವೆಂಬರ್ 27ಕ್ಕೆ ಜೋಸಫಾತ್ ಅನ್ನುವ ಭಾರತದ ರಾಜಕುಮಾರ ಇದ್ದಾನೆ. ಅಪ್ಪ ಅವನನ್ನು ಅರಮನೆಯಲ್ಲೇ ಕೂಡಿಟ್ಟ. ಅವನು ಹೊರಗೆ ಬಂದು ರೋಗಿಯನ್ನು, ಮುದುಕನನ್ನು ನೋಡಿ ಎಲ್ಲ ಬಿಟ್ಟು ಹೊರಟ. ಗೊತ್ತಾಯ್ತಾ ಯಾರು? ನಮ್ಮ ಬುದ್ಧನೇ! ಬೋಧಿಸತ್ವ ಅನ್ನುವ ಹೆಸರು ಅರಬ್ಬರ ಬಾಯಲ್ಲಿ ಬುದಾಸಫ್ ಆಗಿ, ಜಾರ್ಜಿಯಾ ದಾಟಿ, ಗ್ರೀಕ್, ಲ್ಯಾಟಿನ್ ಸೇರುವಾಗ ಜೋಸಫಾತ್ ಆಯಿತು. ಇಲ್ಲಿ ಶಾಲೆಯಲ್ಲಿ ಮಕ್ಕಳ ಹೆಸರು ಏನೇನೋ ಆಗುತ್ತೆ ಅಂತ ಬೇಜಾರು ಮಾಡಿಕೊಳ್ಳುವ ಅಪ್ಪ ಅಮ್ಮಂದಿರು ಇದನ್ನು ಮನೆಯಲ್ಲಿ ಹೇಳಿ.

ಸೂಚನೆಗಳು, ಬೇಗ ಬೇಗ. ಸಂಕ್ರಾಂತಿ ಕೂಟ ಜನವರಿ ಮೂರನೇ ಶನಿವಾರ, ಎಂದಿನ ಹಾಲ್‌ನಲ್ಲಿ, ಎಳ್ಳು ಬೆಲ್ಲ ಪೊಟ್ಟಣ ಕಟ್ಟೋಕೆ ಹಿಂದಿನ ಸಂಜೆ ಕೈ ಬೇಕು, ಕೊಬ್ಬರಿ ಹೆಚ್ಚುವವರು ಚಾಕು ನೀವೇ ತನ್ನಿ. ಕನ್ನಡ ತರಗತಿ ರಜೆ ಮುಗಿದ ಮೇಲೆ ಶುರು. ನಮ್ಮ ಖಜಾಂಚಿ ಕುಟುಂಬ ಫೆಬ್ರವರಿಯಲ್ಲಿ ಮೈಸೂರಿಗೇ ವಾಪಸ್ ಹೋಗುತ್ತಿದೆ, ಬೀಳ್ಕೊಡುಗೆ ಊಟಕ್ಕೆ ಹೆಸರು ಕೊಡಿ. ಜನವರಿ 6ರ ಸುಮಾರಿಗೆ ಮಕ್ಕಳು ನಕ್ಷತ್ರ ಹಿಡಿದು ಬಂದು ನಿಮ್ಮ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದರೆ ಅಳಿಸಬೇಡಿ. ಕ್ರಿಸ್ತ ಈ ಮನೆಯನ್ನು ಹರಸಲಿ ಅಂತ ಅದರ ಅರ್ಥ. ಹೊಸಿಲಿಗೆ ರಂಗೋಲಿ ಇಟ್ಟು ಬೆಳೆದವರಿಗೆ ಜಾಸ್ತಿ ಹೇಳಬೇಕಿಲ್ಲ.

ಮಂಡ್ಯ ಕಡೆಯವರಲ್ಲಿ ಒಂದು ಕೋರಿಕೆ. ಶ್ರೀರಂಗಪಟ್ಟಣದ ಹತ್ತಿರ ಗಂಜಾಂನಲ್ಲಿರುವ ಅಬ್ಬೆ ದುಬಾಯ್ ಚರ್ಚಿನ ಬಗ್ಗೆ ಯಾರಾದರೂ ಬರೆದುಕೊಡಿ. ಫ್ರಾನ್ಸ್‌ನಿಂದ ಬಂದ ಆ ಪಾದ್ರಿ ನಮ್ಮವರ ಹಾಗೇ ಉಡುಪು ತೊಟ್ಟು, ಸಿಡುಬಿನ ಲಸಿಕೆ ಹಾಕಿಸಿಕೊಳ್ಳಿ ಅಂತ ಊರೂರು ಸುತ್ತಿದವರು. ಮತ್ತೆ, ಪುಟ ಜೋಡಿಸೋಕೆ ಒಬ್ಬರು, ಕಾಗುಣಿತ ತಿದ್ದೋಕೆ ಒಬ್ಬರು ಬೇಕೇ ಬೇಕು. ಮೂರು ವರ್ಷದಿಂದ ಒಬ್ಬಳೇ ಮಾಡುತ್ತಿದ್ದೇನೆ. ಈಗ ಆಗುತ್ತಿಲ್ಲ.

ಕೊನೆಗೆ ನನ್ನದೇ ಒಂದು ಕೆಲಸ. ಅಜ್ಜಿ ಈಗಿಲ್ಲ. ಈ ರಜೆಗೆ ಮೈಸೂರಿಗೆ ಹೋಗುವವರು ಯಾರಾದರೂ ಇದ್ದರೆ, ಒಂದು ಮೊಳ ಮಲ್ಲಿಗೆ ತಗೊಂಡು, ಆ ಮೆಟ್ಟಿಲು ಇಳಿದು, ಅಲ್ಲಿ ಇಟ್ಟು ಬನ್ನಿ. ದುಡ್ಡು ಸಂಕ್ರಾಂತಿ ದಿನ ಕೊಡುತ್ತೇನೆ.