ಮಾದರಿ ಉತ್ತರವೇ ತಪ್ಪಾದರೆ ಮಕ್ಕಳ ಗತಿ?

ಮಾನ್ಯ ಸಂಪಾದಕರೇ,

ಪಿಯು ಪೂರ್ವಸಿದ್ಧತಾ ಪರೀಕ್ಷೆಯ ರಸಾಯನಶಾಸ್ತ್ರದ ಮಾದರಿ ಉತ್ತರದ ಗೊಂದಲ ಕುರಿತ ವರದಿ ಈಗಷ್ಟೇ ಓದಿದೆ. ‘ಸಣ್ಣ ಲೋಪ’ ಅಂದಿದ್ದಾರೆ ಅಧಿಕಾರಿ. ಸಣ್ಣದಲ್ಲ ಸ್ವಾಮಿ, ನನ್ನ ಮಗಳಿಗೆ ಎರಡು ಅಂಕ ಹೋಗಿದೆ.

ನೈಟ್ರೋಫೀನಾಲ್ ಎಂಬ ರಾಸಾಯನಿಕದ ಆರ್ಥೋ, ಪ್ಯಾರಾ ಎಂಬ ಎರಡು ರೂಪಗಳಲ್ಲಿ ಯಾವುದು ಬೇಗ ಆವಿಯಾಗುತ್ತದೆ, ಏಕೆ ಎಂಬುದು ಪ್ರಶ್ನೆ. ಮಾದರಿ ಉತ್ತರದಲ್ಲಿ ಪ್ಯಾರಾ ಎಂದಿದೆ. ಮಗಳು ಆರ್ಥೋ ಎಂದು ಬರೆದಿದ್ದಾಳೆ. ಓಎಚ್ ಗುಂಪಿನ ಹೈಡ್ರೋಜನ್‌ನಿಂದ ಪಕ್ಕದ ನೈಟ್ರೋ ಗುಂಪಿನ ಆಕ್ಸಿಜನ್‌ಗೆ ಪೆನ್ಸಿಲ್‌ನಲ್ಲಿ ಚುಕ್ಕಿ ಗೆರೆ ಎಳೆದು ಹೈಡ್ರೋಜನ್ ಬಂಧ, ಅಂದರೆ ಅವೆರಡರ ನಡುವಿನ ಸೆಳೆತ, ತೋರಿಸಿದ್ದಾಳೆ. ಆರು ಪರಮಾಣುಗಳ ಉಂಗುರ ನೀಟಾಗಿ ಕೂತಿದೆ. ಆ ಗೆರೆಯ ಮೇಲೇ ಕೆಂಪು ಇಂಕಿನ ಇಂಟು ಮಾರ್ಕ್!

ಹೈಡ್ರೋಜನ್ ಬಂಧ ಇದ್ದರೆ ಕುದಿಬಿಂದು ಜಾಸ್ತಿ ಎಂದು ಬಾಯಿಪಾಠ ಮಾಡಿದವರು ಬರೆದ ಮಾದರಿ ಉತ್ತರ ಅದು. ಬಂಧ ಎಲ್ಲಿದೆ ಅಂತ ನೋಡಬೇಕಲ್ವಾ? ಆರ್ಥೋದಲ್ಲಿ ಎರಡೂ ಗುಂಪು ಅಕ್ಕಪಕ್ಕ. ಬಂಧ ಅಣುವಿನ ಒಳಗೇ ಮುಗಿಯುತ್ತದೆ, ಬೇರೆ ಅಣುಗಳ ಜೊತೆ ನಂಟು ಕಡಿಮೆ. ಪ್ಯಾರಾದಲ್ಲಿ ಗುಂಪುಗಳು ಎದುರುಬದುರು, ಒಂದಕ್ಕೊಂದು ಎಟುಕುವುದಿಲ್ಲ. ಹಾಗಾಗಿ ಒಂದು ಅಣು ಇನ್ನೊಂದನ್ನು ಹಿಡಿದುಕೊಳ್ಳುತ್ತದೆ, ಬೇಗ ಆವಿಯಾಗುವುದಿಲ್ಲ. ಆರ್ಥೋ ಸುಮಾರು 45 ಡಿಗ್ರಿಗೇ ಕರಗಿದರೆ ಪ್ಯಾರಾಗೆ ಸುಮಾರು 114 ಬೇಕು. ನಾನು ಬಿಎಸ್ಸಿಯಲ್ಲಿ ಸ್ಟೀಮ್ ಡಿಸ್ಟಿಲೇಷನ್ (ಹಬೆ ಹಾಯಿಸಿ ಬೇರ್ಪಡಿಸುವುದು) ಮಾಡಿದವನು. ಹಬೆಯ ಜೊತೆ ಬಂದ ಆರ್ಥೋ ಕಂಡೆನ್ಸರ್‌ನಲ್ಲೇ ಹಳದಿಯಾಗಿ ಗಟ್ಟಿಕಟ್ಟಿ ಕೊಳವೆ ಕಟ್ಟಿಕೊಂಡಿತ್ತು. ಪ್ಯಾರಾ ಫ್ಲಾಸ್ಕ್ ಬಿಟ್ಟು ಕದಲಲಿಲ್ಲ.

ಇದನ್ನು ಹೇಳಲು ನಿಟ್ಟುವಳ್ಳಿಯಿಂದ ಮೂರು ಸಲ ಆಟೋ ಹಿಡಿದು ಕಚೇರಿಗೆ ಹೋದೆ. ಎರಡು ದಿನ ರಜೆ ಹಾಳಾಯಿತು. ಒಮ್ಮೆ ‘ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ’, ಇನ್ನೊಮ್ಮೆ ‘ಅರ್ಜಿ ಜೊತೆ ಜೆರಾಕ್ಸ್ ತನ್ನಿ’. ಮೂರನೇ ಸಲ ‘ಎರಡು ಅಂಕಕ್ಕೆ ಯಾಕ್ರೀ ಇಷ್ಟು ಗಲಾಟೆ’ ಎಂದು ಗದರಿಸಿ ಕಳಿಸಿದರು. ದೊಡ್ಡ ಮಗನ ಅಂಕಪಟ್ಟಿಯಲ್ಲಿ ಇನಿಷಿಯಲ್ ತಪ್ಪಾದಾಗಲೂ ಹೀಗೇ ಎಂಟು ತಿಂಗಳು ಅಲೆಸಿದ್ದರು. ಕಚೇರಿ ಮುಂದೆ ಪೈಪಿಗೆಂದು ಅಗೆದ ಗುಂಡಿಯನ್ನು ಇವತ್ತಿಗೂ ಮುಚ್ಚಿಲ್ಲ. ಮಳೆ ಬಂದರೆ ಕಾಲಿಡಲು ಜಾಗವಿಲ್ಲ. ಮಗಳ ಕಾಲೇಜಿನ ಲ್ಯಾಬ್‌ನಲ್ಲಿ ಗ್ಯಾಸ್ ಸಿಲಿಂಡರ್ ಖಾಲಿಯಾಗಿ ಎಷ್ಟು ದಿನವಾಯಿತೋ! ಪ್ರಯೋಗ ಬೋರ್ಡಿನ ಮೇಲೇ ಮುಗಿಯುತ್ತದೆ.

ಮಾದರಿ ಉತ್ತರ ಕೂಡಲೇ ತಿದ್ದಬೇಕು, ಕಳೆದ ಅಂಕ ಕೊಡಬೇಕು. ಸಿಲಿಂಡರ್ ತರಿಸಬೇಕು, ಗುಂಡಿ ಮುಚ್ಚಬೇಕು. ಸಂಬಂಧಪಟ್ಟವರು ಇನ್ನಾದರೂ ಕುರ್ಚಿ ಬಿಟ್ಟು ಎದ್ದು ಏನಾದರೂ ಮಾಡಲಿ. ಸಂಬಳ ತೆಗೆದುಕೊಳ್ಳುತ್ತಾರಲ್ಲ!

– ನೊಂದ ಪೋಷಕ, ನಿಟ್ಟುವಳ್ಳಿ, ದಾವಣಗೆರೆ