ಅಗೆದ ಮಣ್ಣು ಸೈಟಿನೊಳಗೇ ಉಳಿಯಲಿ

ಮಾನ್ಯ ಸಂಪಾದಕರೇ,

ಮುಂಗಾರಿಗೆ ಮುಂಚೆ ಬೆಂಗಳೂರಿನ ರಾಜಕಾಲುವೆಗಳ ಹೂಳೆತ್ತುವ ಸುದ್ದಿ ಪ್ರತಿವರ್ಷ ಪತ್ರಿಕೆಗಳಲ್ಲಿ ಬರುತ್ತದೆ. ಎಷ್ಟು ಕಿ.ಮೀ. ಮುಗಿಯಿತು, ಎಷ್ಟು ಬಾಕಿ, ಬಿಲ್ಲು ಎಷ್ಟಾಯಿತು ಎಂಬ ಚರ್ಚೆಯೂ ನಡೆಯುತ್ತದೆ. ಆ ಹೂಳು ಬಂದದ್ದೆಲ್ಲಿಂದ ಎಂದು ಕೇಳುವವರು ಕಡಿಮೆ. ಕಟ್ಟಡ ಕಾಮಗಾರಿಗಳಲ್ಲಿ ಸೂಪರ್‌ವೈಸರ್ ಆಗಿದ್ದು ನಿವೃತ್ತನಾದವನು ನಾನು. ಆ ಹೂಳಿನಲ್ಲಿ ಒಳ್ಳೆಯ ಪಾಲು ನಮ್ಮ ಸೈಟುಗಳಿಂದಲೇ ಹೋಗುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.

ಯಾವುದೇ ಬಡಾವಣೆಯಲ್ಲಿ ಮಳೆಗಾಲದಲ್ಲಿ ಒಂದು ಸುತ್ತು ಹಾಕಿ ನೋಡಿ. ಸೆಲ್ಲಾರ್‌ಗೆಂದು ಅಗೆದ ಕೆಂಪು ಮಣ್ಣನ್ನು ತಗಡಿನ ಶೀಟಿಗೆ ಒರಗಿಸಿ ಗುಡ್ಡೆ ಹಾಕಿರುತ್ತಾರೆ. ಒಂದು ಜೋರು ಮಳೆ ಬಿದ್ದರೆ ಅದು ಕರಗಿ, ಶೀಟಿನ ಕೆಳಗಿನ ಸಂದಿಯಿಂದ ರಸ್ತೆಗಿಳಿದು, ಫುಟ್‌ಪಾತ್ ಅಂಚಿನ ಕಿಂಡಿಗಳಲ್ಲಿ ನುಗ್ಗಿ ಚರಂಡಿ ಸೇರುತ್ತದೆ. ಗುಂಡಿಯಲ್ಲಿ ನಿಂತ ರಾಡಿ ನೀರನ್ನು ಪಂಪು ಹಚ್ಚಿ, ಅದೂ ಹೆಚ್ಚಾಗಿ ರಾತ್ರಿ ಹೊತ್ತಿನಲ್ಲಿ, ಅದೇ ಚರಂಡಿಗೆ ಬಿಡುತ್ತಾರೆ. ಟಿಪ್ಪರ್ ಗಾಲಿಗೆ ಮೆತ್ತಿಕೊಂಡ ಮಣ್ಣು ರಸ್ತೆಯುದ್ದಕ್ಕೂ ಉದುರಿ ಕೊನೆಗೆ ಅಲ್ಲಿಗೇ ಹೋಗುತ್ತದೆ. ಇವೆಲ್ಲಕ್ಕಿಂತ ಕೆಟ್ಟದ್ದು ಕಾಂಕ್ರೀಟ್ ಲಾರಿ ತೊಳೆದ ನೀರು. ಅದರಲ್ಲಿ ಮೀನು ಸಾಯುವಷ್ಟು ಕ್ಷಾರ ಇರುತ್ತದೆ. ಜೊತೆಗೆ ಸಿಮೆಂಟಿನ ಗಸಿ ಚರಂಡಿಯ ತಳದಲ್ಲಿ ಕೂತು ಗಟ್ಟಿಯಾಗುತ್ತದೆ. ಹೂಳೆತ್ತಲು ಬಂದವರು ಅದನ್ನು ಹಾರೆ ಹಾಕಿ ಒಡೆಯಬೇಕು, ಸಲಿಕೆಗೆ ಅದು ಬಗ್ಗುವುದಿಲ್ಲ.

ಕಾನೂನು ಇಲ್ಲವೇ ಎಂದರೆ, ಅಲ್ಲಲ್ಲಿ ಇದೆ. 20,000 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ಕಟ್ಟಡಗಳಿಗೆ 2006ರ ಅಧಿಸೂಚನೆಯಂತೆ ಪರಿಸರ ಅನುಮತಿ ಬೇಕು, ಆರು ತಿಂಗಳಿಗೊಮ್ಮೆ ವರದಿ ಕೊಡಬೇಕು. ಕಟ್ಟಡ ತ್ಯಾಜ್ಯ ಚರಂಡಿಗೆ ಅಡ್ಡಿಯಾಗಬಾರದು ಎಂದು 2016ರ ನಿಯಮಗಳೇ ಹೇಳಿದ್ದವು. ಮಳೆನೀರು ಸಂಗ್ರಹಣೆಯೂ ಕಡ್ಡಾಯ. ಆದರೆ ಸಂಗ್ರಹಣೆಯ ವ್ಯವಸ್ಥೆ ಕೆಲಸಕ್ಕೆ ಬರುವುದು ಕಟ್ಟಡ ಎದ್ದ ಮೇಲೆ. ನೆಲ ಬಗೆದು ಬೆತ್ತಲೆ ಬಿಟ್ಟಿರುವ ಆ ಒಂದೆರಡು ಮಳೆಗಾಲ ಅಲ್ಲಿಂದ ಹರಿದು ಹೋಗುವ ನೀರಿಗೆ ಹೊಣೆ ಯಾರು? ಆರು ತಿಂಗಳಿಗೊಮ್ಮೆ ಬರುವ ವರದಿ ಒಂದು ರಾತ್ರಿಯ ಮಳೆಯನ್ನು ಹಿಡಿಯಲಾರದು. 20,000 ಚದರ ಮೀಟರಿಗಿಂತ ಸಣ್ಣ ಅಪಾರ್ಟ್‌ಮೆಂಟುಗಳಿಗಂತೂ ಆ ವರದಿಯೂ ಇಲ್ಲ.

ಅಮೆರಿಕದಲ್ಲಿ ಕಟ್ಟಡದ ಸೈಟಿನಿಂದ ಹರಿದು ಹೋಗುವ ಮಳೆನೀರಿಗೆಂದೇ ಪ್ರತ್ಯೇಕ ಪರವಾನಗಿ ಇದೆ. 1990ರಲ್ಲಿ ಐದು ಎಕರೆ ಮತ್ತು ಅದಕ್ಕೂ ದೊಡ್ಡ ಸೈಟುಗಳಿಗೆ ತಂದ ನಿಯಮವನ್ನು 1999ರಲ್ಲಿ ಒಂದು ಎಕರೆವರೆಗೆ ಇಳಿಸಿದರು. ನಮ್ಮ ಲೆಕ್ಕದಲ್ಲಿ 40 ಗುಂಟೆ. ಜೆಸಿಬಿ ಇಳಿಸುವ ಮೊದಲೇ, ಮಳೆ ಬಂದರೆ ನೀರು ಎತ್ತ ಹೋಗುತ್ತದೆ, ಮಣ್ಣನ್ನು ಎಲ್ಲಿ ತಡೆಯುತ್ತೇವೆ ಎಂಬ ಯೋಜನೆ ಬರೆದಿಟ್ಟು, ಸರ್ಕಾರಕ್ಕೆ ತಿಳಿಸಿ ಪರವಾನಗಿಯ ವ್ಯಾಪ್ತಿಗೆ ಬರಬೇಕು. ಅಲ್ಲಿನ ಕೇಂದ್ರದ ಪರಿಸರ ಸಂಸ್ಥೆ 2022ರಲ್ಲಿ ಹೊರಡಿಸಿದ ಪರವಾನಗಿಯ ಪ್ರಕಾರ ಸೈಟನ್ನು ಏಳು ದಿನಕ್ಕೊಮ್ಮೆ ತಪಾಸಣೆ ಮಾಡಬೇಕು. ಇಲ್ಲವೇ 14 ದಿನಕ್ಕೊಮ್ಮೆ ಮಾಡಿ, ಅದರ ಜೊತೆಗೆ ಕಾಲು ಇಂಚು ಮಳೆಯಾದಾಗಲೆಲ್ಲ 24 ಗಂಟೆಯೊಳಗೆ ನೋಡಬೇಕು. ಕಾಲು ಇಂಚೆಂದರೆ ಆರೇ ಮಿಲಿಮೀಟರ್ ಚಿಲ್ಲರೆ. ನಮ್ಮೂರಿನ ಸಂಜೆ ಮಳೆ ಅಷ್ಟನ್ನು ಎಷ್ಟೋ ಸಲ ಹತ್ತು ನಿಮಿಷದಲ್ಲಿ ಸುರಿಸುತ್ತದೆ.

ಈ ಕೆಲಸಕ್ಕೆ ವಿದೇಶಿ ಯಂತ್ರವೇನೂ ಬೇಡ. ಸೈಟಿನ ತಗ್ಗಿನ ಕಡೆ ದಪ್ಪ ಬಟ್ಟೆಯ ತಡೆಬೇಲಿ ಕಟ್ಟಿ, ಅದರ ಬುಡವನ್ನು ಮಣ್ಣಿನಲ್ಲಿ ಹೂಳಬೇಕು. ಸುಮ್ಮನೆ ಇಳಿಬಿಟ್ಟರೆ ನೀರು ಕೆಳಗಿನಿಂದಲೇ ನುಸುಳುತ್ತದೆ. ಗೇಟಿನ ಬಳಿ ದಪ್ಪ ಜಲ್ಲಿ ಹಾಸಿದರೆ ಗಾಲಿಯ ಮಣ್ಣು ಅಲ್ಲೇ ಉದುರುತ್ತದೆ. ಪಂಪಿನ ನೀರು ತಿಳಿಯಾಗಲು ಒಂದು ಗುಂಡಿ, ಕಾಂಕ್ರೀಟ್ ಲಾರಿ ತೊಳೆಯಲು ಶೀಟು ಹಾಸಿದ ಇನ್ನೊಂದು ಗುಂಡಿ, ಮಣ್ಣಿನ ಗುಡ್ಡೆಗೆ ಟಾರ್ಪಾಲು. ಸೆಲ್ಲಾರ್ ಅಗೆಯಲು ಕೊಡುವ ಜೆಸಿಬಿ ಬಾಡಿಗೆಯ ಮುಂದೆ ಇದು ದೊಡ್ಡ ಖರ್ಚೇ ಅಲ್ಲ. ಆದರೆ ಯಾರೂ ಕೇಳದಿದ್ದರೆ ಯಾವ ಕಂಟ್ರ್ಯಾಕ್ಟರನೂ ಮಾಡುವುದಿಲ್ಲ, ಏಕೆಂದರೆ ಟೆಂಡರಿನಲ್ಲಿ ಅದಕ್ಕೆ ಐಟಂ ಇರುವುದಿಲ್ಲ.

ನಗರದ ಪ್ರವಾಹಕ್ಕೆಲ್ಲ ಕಟ್ಟಡದ ಮಣ್ಣೇ ಕಾರಣ ಎಂದು ನಾನು ಹೇಳುತ್ತಿಲ್ಲ. 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಲೇಔಟ್ ಮುಳುಗಿದಾಗ ರೈಲ್ವೆ ಹಳಿಯ ಕೆಳಗಿನ ಕಿರಿದಾದ ಮೋರಿಯ ಕಡೆ ಎಲ್ಲರೂ ಬೆರಳು ತೋರಿದರು, ಅದು ಸರಿಯೇ. ಒತ್ತುವರಿಯೂ ಇದೆ. ಆದರೆ ಕಿರಿದಾದ ಮೋರಿಯ ತಳದಲ್ಲಿ ಒಂದಡಿ ಮಣ್ಣು ಕೂತರೆ ಅದು ಇನ್ನಷ್ಟು ಕಿರಿದಾಗುತ್ತದೆ. ಅಗಲ ಮಾಡಲು ವರ್ಷಗಳೇ ಬೇಕು. ಮಣ್ಣು ಬಾರದಂತೆ ತಡೆಯುವುದನ್ನು ಈ ಮಳೆಗಾಲದಲ್ಲೇ ಶುರು ಮಾಡಬಹುದು.

ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರಡಿಯ ಐದೂ ಪಾಲಿಕೆಗಳಲ್ಲಿ ನನ್ನ ಮನವಿ ಇಷ್ಟು. ಒಂದು ಎಕರೆ ಮೀರಿದ, ಇಲ್ಲವೇ ಎಷ್ಟೇ ಸಣ್ಣದಾದರೂ ಸೆಲ್ಲಾರ್ ಅಗೆಯುವ ಪ್ರತಿ ಕಾಮಗಾರಿಗೂ ನಕ್ಷೆ ಮಂಜೂರಾತಿಯ ಜೊತೆಯಲ್ಲೇ ಇಂಥದೇ ಮಳೆನೀರು ಪರವಾನಗಿ ಕಡ್ಡಾಯವಾಗಲಿ. 30-40ರ ಸೈಟಿನಲ್ಲಿ ಸೆಲ್ಲಾರ್ ಇಲ್ಲದೆ ಮನೆ ಕಟ್ಟುವವರಿಗೆ ಇದರ ಕಾಟ ಬೇಡ. ಅವರು ಮಣ್ಣು, ಎಂ-ಸ್ಯಾಂಡ್‌ಗಳನ್ನು ರಸ್ತೆಗೆ ಸುರಿಯದಿದ್ದರೆ ಸಾಕು. ಮೆಟ್ರೊ, ಮೇಲ್ಸೇತುವೆ, ರಸ್ತೆಗಳಂಥ ಸರ್ಕಾರಿ ಕಾಮಗಾರಿಗಳಿಗೂ ವಿನಾಯಿತಿ ಕೊಡಬಾರದು. ರಾಡಿ ನೀರು ಹೊರಬಿಟ್ಟರೆ ದಂಡಕ್ಕಿಂತ ಮೊದಲು ಕೆಲಸ ನಿಲ್ಲಿಸಬೇಕು. ದಂಡ ಕಟ್ಟಿ ಮುಂದುವರಿಯುವುದು ಬಿಲ್ಡರುಗಳಿಗೆ ಕಷ್ಟವಲ್ಲ, ಒಂದು ದಿನ ಕೆಲಸ ನಿಂತರೆ ಮಾತ್ರ ನಿಜಕ್ಕೂ ಬಿಸಿ ಮುಟ್ಟುತ್ತದೆ. ಪರವಾನಗಿ ಸಂಖ್ಯೆ ಮತ್ತು ಹೊಣೆ ಹೊತ್ತ ವಾರ್ಡ್ ಎಂಜಿನಿಯರ್ ಮೊಬೈಲ್ ನಂಬರನ್ನು ಗೇಟಿನ ಫಲಕದಲ್ಲಿ ಕನ್ನಡದಲ್ಲಿ ಬರೆಸಲಿ, ರಾತ್ರಿ ಪಂಪಿನ ಸದ್ದು ಕೇಳಿದ ನೆರೆಮನೆಯವರು ಆಗಲೇ ಕರೆ ಮಾಡಲಿಕ್ಕೆ.

ಇಂತಿ,
ನಿವೃತ್ತ ಸೈಟ್ ಸೂಪರ್‌ವೈಸರ್
ಹೊರಮಾವು, ಬೆಂಗಳೂರು